ಮಗಳ ಹಿಂದೆ ನಿಲ್ಲುವವರು ಯಾರು?

(ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರಿಗೆ ನೀಡಿದ ಭಾಷಣ)



ಉಳಿತಾಯ, ಸಾಲ, ಬಡ್ಡಿ ಲೆಕ್ಕ ನಮಗೆ ವಾರವಾರ ಇದ್ದದ್ದೇ. ಇವತ್ತು ಒಂದು ಸಿನಿಮಾದ ಮಾತು ಆಡೋಣ. ‘ಗೆಜ್ಜೆಪೂಜೆ’ಯನ್ನು ನಿಮ್ಮಲ್ಲಿ ಹಿರಿಯರು ನೋಡಿರಬಹುದು. ಎಂ. ಕೆ. ಇಂದಿರಾ ಅವರ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ ಅವರು 1969ರಲ್ಲಿ ಚಿತ್ರ ಮಾಡಿದರು. ಅದರ ಚಿತ್ರಕಥೆಗೆ ರಾಷ್ಟ್ರಪ್ರಶಸ್ತಿಯೂ ಬಂತು.

ಚಂದ್ರಾ ಎಂಬ ಹುಡುಗಿ ದೊಡ್ಡವಳಾಗುವ ಕಥೆ ಅದು. ಕಲ್ಪನಾ ಆ ಪಾತ್ರ ಮಾಡಿದ್ದಾರೆ. ತಾಯಿ ಅಪರ್ಣಾ ಆಗಿ ಲೀಲಾವತಿ. ಅಪರ್ಣಾ ತಬ್ಬಲಿ. ಅವಳನ್ನು ಸಾಕಿದ ಹೆಂಗಸು ವೇಶ್ಯಾವೃತ್ತಿಯವಳು, ಅವಳನ್ನೂ ಅದಕ್ಕೇ ಎಳೆದಳು. ಇಂಥ ಹೆಂಗಸರ ಮನೆಯಲ್ಲಿ ಚಂದ್ರಾ ಬೆಳೆಯುತ್ತಾಳೆ. ಓದಿನಲ್ಲಿ ಜಾಣೆ. ಎಲ್ಲರ ಹಾಗೆ ಮದುವೆಯಾಗಿ ಮರ್ಯಾದೆಯಿಂದ ಬಾಳಬೇಕೆಂಬ ಆಸೆ. ಆದರೆ ಆ ಮನೆಯ ಪದ್ಧತಿ ಗೆಜ್ಜೆಪೂಜೆ. ಅದನ್ನು ಮಾಡಿದರೆ ಅವಳೂ ಆ ವೃತ್ತಿಗೆ ಸೇರಿದ ಹಾಗೆ. ಗೊತ್ತಾಗಿದ್ದ ಮದುವೆ ಮುರಿದು ಬೀಳುತ್ತದೆ. ಕೊನೆಗೆ ಚಂದ್ರಾ ಪ್ರಾಣವನ್ನೇ ಕಳೆದುಕೊಳ್ಳುತ್ತಾಳೆ.

ತಾಯಿಗೆ ಮಗಳ ಮೇಲೆ ಪ್ರೀತಿ ಇರಲಿಲ್ಲವೇ? ಇತ್ತು. ಆದರೆ ತಾಯಿಯ ಬೆನ್ನಿಗೆ ಯಾರೂ ಇರಲಿಲ್ಲ. ಪದ್ಧತಿಯ ಮುಂದೆ ಒಬ್ಬಳ ಪ್ರೀತಿ ಸೋತಿತು.

“ನಮ್ಮಲ್ಲಿ ಗೆಜ್ಜೆಪೂಜೆ ಇಲ್ಲ ಸಿಸ್ಟರ್” ಅನ್ನುತ್ತೀರಿ. ನಿಜ. ಆದರೆ ಹುಡುಗಿ ಮೈನೆರೆದ ಮೇಲೆ ಮನೆಯಲ್ಲಿ ಬರುವ ಮಾತು ಕೇಳಿ. “ಒಳ್ಳೇ ಗಂಡು, ಬಿಟ್ಟರೆ ಸಿಗಲ್ಲ” ಅಂತ ಅಜ್ಜಿ. “ಓದಿ ಏನು ಮಾಡ್ತಾಳೆ?” ಅಂತ ಸೋದರತ್ತೆ. ತಾಯಿ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯಲಿಕ್ಕೋ, ಗೌರಿಬಿದನೂರಿನ ಗಾರ್ಮೆಂಟ್ಸ್‌ಗೋ, ಚಿಂತಾಮಣಿ ಕಡೆ ಟೊಮೆಟೊ ಬಿಡಿಸಲಿಕ್ಕೋ, ಚಿಕ್ಕಬಳ್ಳಾಪುರದ ದ್ರಾಕ್ಷಿ ತೋಟಕ್ಕೋ ಹೋಗಿರುತ್ತಾಳೆ. ಮಗಳೊಬ್ಬಳೇ ಮನೆಯಲ್ಲಿ ಅಂತ ಭಯ. ಆ ಭಯ ಸುಳ್ಳಲ್ಲ. ಆದರೆ ಹದಿನಾರಕ್ಕೇ ತಾಳಿ ಕಟ್ಟಿಸುವುದು ಅದಕ್ಕೆ ಮದ್ದಲ್ಲ. ಎಳೇ ವಯಸ್ಸಿನ ಬಸಿರು, ಹೆರಿಗೆ ತಾಯಿಗೂ ಕೂಸಿಗೂ ಅಪಾಯ.

2006ರ ಬಾಲ್ಯವಿವಾಹ ನಿಷೇಧ ಕಾಯಿದೆ ಪ್ರಕಾರ ಹೆಣ್ಣಿಗೆ 18, ಗಂಡಿಗೆ 21 ತುಂಬಿರಬೇಕು. ನಮ್ಮ ರಾಜ್ಯದ 2016ರ ತಿದ್ದುಪಡಿಯಂತೆ ಬಾಲ್ಯವಿವಾಹ ಕಾನೂನಿನ ಮುಂದೆ ಮದುವೆಯೇ ಅಲ್ಲ. ಮಾಡಿಸಿದವರಿಗೆ ಶಿಕ್ಷೆ ಇದೆ.

ಹಾಗಾದರೆ ಸಂಘ ಏನು ಮಾಡಬಹುದು?

1. ಮದುವೆಗೆಂದು ಸಾಲ ಕೇಳಿದರೆ ಹುಡುಗಿಯ ವಯಸ್ಸಿನ ದಾಖಲೆ ನೋಡಿ. 18 ತುಂಬಿಲ್ಲವೆಂದರೆ ಸಾಲ ಬೇಡ. ಅದೇ ಹಣವನ್ನು ಪಿಯುಸಿ ಫೀಸಿಗೆ ಕೊಡಿ. ಈ ತೀರ್ಮಾನವನ್ನು ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿ.

2. ತಾಯಂದಿರು ಕೂಲಿಯಿಂದ ಬರುವ ತನಕ ಹುಡುಗಿಯರು ಸಂಘದ ಒಬ್ಬರ ಮನೆಯಲ್ಲಿ ಕೂತು ಓದಲಿ. ಸರದಿ ಹಾಕಿಕೊಳ್ಳಿ.

3. ಹುಡುಗಿಯನ್ನೇ ಕೂರಿಸಿಕೊಂಡು “ನಿನಗೆ ಏನು ಬೇಕಮ್ಮ?” ಅಂತ ಕೇಳಿ. ಅವಳು ಹೇಳುವುದನ್ನು ಪೂರ್ತಿ ಕೇಳಿ.

4. ಹೇಳಿದರೂ ಮನೆಯವರು ಒಪ್ಪದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಕರೆ ಉಚಿತ. ಅಂಗನವಾಡಿ ಕಾರ್ಯಕರ್ತೆಗೂ ತಿಳಿಸಿ.

ಒಬ್ಬಳೇ ತಾಯಿ “ಬೇಡ” ಅಂದರೆ ಮನೆಯವರು ಬಾಯಿ ಮುಚ್ಚಿಸುತ್ತಾರೆ. ಹದಿನೈದು ಜನ ಹೆಂಗಸರು ಮನೆ ಬಾಗಿಲಿಗೆ ಹೋಗಿ “ಹುಡುಗಿ ಓದಲಿ” ಅಂದರೆ ಊರೇ ಕೇಳುತ್ತದೆ. ಚಂದ್ರಾಳ ತಾಯಿಗೆ ಸಂಘ ಇರಲಿಲ್ಲ. ನಮಗೆ ಇದೆ. ಮುಂದಿನ ವಾರದ ಸಭೆಯಲ್ಲಿ ಸಾಲದ ಲೆಕ್ಕ ಮುಗಿದ ಮೇಲೆ, ನಮ್ಮ ಬೀದಿಯಲ್ಲಿ ಶಾಲೆ ಬಿಟ್ಟ ಹುಡುಗಿಯರು ಯಾರ್ಯಾರು ಅಂತ ಒಂದು ಪಟ್ಟಿ ಮಾಡೋಣ.