ಪುಕ್ಕಟೆ ಓದಿ, ಕದ್ದು ಓದಬೇಡಿ: ಸೈನ್ಸ್ ಫಿಕ್ಷನ್ ಪ್ರಿಯರಿಗೆ ಒಂದಿಷ್ಟು ಲಿಂಕ್‌ಗಳು

‘ಸೈನ್ಸ್ ಫಿಕ್ಷನ್, ಫ್ಯಾಂಟಸಿ ಓದೋಕೆ ಆಸೆ. ಪುಸ್ತಕದ ಬೆಲೆ ನೋಡಿದ್ರೆ ಭಯ. ಟೆಲಿಗ್ರಾಂನಲ್ಲಿ ಪಿಡಿಎಫ್ ಸಿಗುತ್ತಲ್ಲ, ಇಳಿಸಿಕೊಂಡ್ರೆ ತಪ್ಪೇನು?’ ಪದೇಪದೇ ಬರೋ ಪ್ರಶ್ನೆ ಇದು. ತಪ್ಪೇ. ಅದಕ್ಕಿಂತ ಮುಖ್ಯವಾಗಿ, ಅದರ ಅಗತ್ಯವೇ ಇಲ್ಲ. ಕಾನೂನುಬದ್ಧವಾಗಿ ಪುಕ್ಕಟೆ ಸಿಗೋದನ್ನು ಓದಿ ಮುಗಿಸೋಕೆ ಒಂದು ಜನ್ಮ ಸಾಲದು.

ಮೊದಲ ಲಿಂಕ್ ನಮ್ಮ ಪಕ್ಕದ ಊರಿನದು. 1905ರಲ್ಲಿ ಮದರಾಸಿನ ‘ದಿ ಇಂಡಿಯನ್ ಲೇಡೀಸ್ ಮ್ಯಾಗಜೀನ್’ ಒಂದು ಇಂಗ್ಲಿಷ್ ಕಥೆ ಅಚ್ಚು ಹಾಕಿತು. ಹೆಸರು ‘ಸುಲ್ತಾನಾಸ್ ಡ್ರೀಮ್’, ಬರೆದವರು ಬಂಗಾಳದ ರೊಕೆಯಾ ಸಖಾವತ್ ಹುಸೇನ್. ಅಲ್ಲಿ ಗಂಡಸರು ಮನೆಯೊಳಗೆ ಪರದೆಯಲ್ಲಿ, ಹೆಂಗಸರು ರಾಜ್ಯಭಾರದಲ್ಲಿ. ಬಿಸಿಲಿನ ಶಾಖದಿಂದ ಅಡುಗೆ, ಮೋಡದಿಂದ ನೇರವಾಗಿ ನೀರು, ಗಾಳಿಯಲ್ಲಿ ಹಾರೋ ವಾಹನ. ದಂಡೆತ್ತಿ ಬಂದ ಶತ್ರುವನ್ನೂ ಓಡಿಸೋದು ಅದೇ ಬಿಸಿಲಿನ ಶಾಖ! ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಡಿಜಿಟಲ್ ಲೈಬ್ರರಿಯಲ್ಲಿ ಪೂರ್ತಿ ಕಥೆ ಇದೆ. ಒಂದೇ ಗುಕ್ಕಿಗೆ ಓದಿ ಮುಗಿಸಬಹುದು.

ಎರಡನೆಯದು, ಹಳೇ ದಿಗ್ಗಜರು. 1971ರಲ್ಲಿ ಶುರುವಾದ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಮೇರಿ ಶೆಲ್ಲಿಯ ‘ಫ್ರಾಂಕನ್‌ಸ್ಟೈನ್’, ಎಚ್.ಜಿ. ವೆಲ್ಸ್‌ನ ‘ದಿ ಟೈಮ್ ಮಷೀನ್’ ಎರಡೂ ಇವೆ. ಮೊಬೈಲ್‌ನಲ್ಲಿ ಓದೋರಿಗೆ ಸ್ಟ್ಯಾಂಡರ್ಡ್ ಈಬುಕ್ಸ್ ಕಣ್ಣಿಗೆ ಹಿತ. ಬಸ್ಸಲ್ಲಿ ಕಿವಿಗೆ ಬೇಕು ಅಂದ್ರೆ ಲಿಬ್ರಿವಾಕ್ಸ್, ಅಲ್ಲಿ ಸ್ವಯಂಸೇವಕರೇ ಪುಸ್ತಕ ಓದಿ ಹೇಳ್ತಾರೆ.

ಇಲ್ಲೊಂದು ಲೆಕ್ಕ ನೆನಪಿಡಿ. ಭಾರತದಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಕಾಪಿರೈಟ್ ಇರುತ್ತೆ. ವೆಲ್ಸ್ ತೀರಿಕೊಂಡಿದ್ದು 1946ರಲ್ಲಿ, ಹಾಗಾಗಿ ಅವನ ಪುಸ್ತಕ ಈಗ ಎಲ್ಲರದ್ದು. ಆದ್ರೆ ಅನುವಾದಕ್ಕೆ ಬೇರೆಯೇ ಹಕ್ಕು. ಜೂಲ್ಸ್ ವರ್ನ್‌ನ ಫ್ರೆಂಚ್ ಮೂಲ ಮುಕ್ತ ಅಂದಮಾತ್ರಕ್ಕೆ ಮೊನ್ನೆ ಮೊನ್ನೆ ಬಂದ ಅನುವಾದ ಮುಕ್ತ ಅಲ್ಲ.

ಮೂರನೆಯದು, ಹೊಸ ಕಥೆಗಳು. ‘ಕ್ಲಾರ್ಕ್ಸ್‌ವರ್ಲ್ಡ್’, ‘ಸ್ಟ್ರೇಂಜ್ ಹೊರೈಜನ್ಸ್’ ಎರಡೂ ಪತ್ರಿಕೆಗಳು ವೆಬ್‌ನಲ್ಲಿ ಪುಕ್ಕಟೆ. ಬರೆದವರಿಗೆ ಮಾತ್ರ ಸಂಭಾವನೆ ಕೊಡ್ತಾರೆ. ಹಾಗಾದ್ರೆ ದುಡ್ಡು ಎಲ್ಲಿಂದ? ಬಿ.ಕಾಂ. ಓದಿದೋನಿಗೆ ಈ ಪ್ರಶ್ನೆ ಬರದೇ ಇರುತ್ತಾ? ಇಷ್ಟಪಟ್ಟು ಚಂದಾ ಕಟ್ಟೋ, ದೇಣಿಗೆ ಕೊಡೋ ಓದುಗರಿಂದ. 2023ರಲ್ಲಿ ಈ ಲೆಕ್ಕ ಎಷ್ಟು ನಾಜೂಕು ಅನ್ನೋದು ಗೊತ್ತಾಯ್ತು. ಫೆಬ್ರುವರಿಯಲ್ಲಿ ಎಐ ಬರೆದ ಕಥೆಗಳು ರಾಶಿ ರಾಶಿ ಬಂದು ಬಿದ್ದು, ಕ್ಲಾರ್ಕ್ಸ್‌ವರ್ಲ್ಡ್ ಸ್ವಲ್ಪ ಕಾಲ ಹೊಸ ಕಥೆ ತಗೊಳ್ಳೋದನ್ನೇ ನಿಲ್ಲಿಸಬೇಕಾಯ್ತು. ಅದೇ ವರ್ಷ ಅಮೆಜಾನ್ ಕಿಂಡಲ್‌ನಲ್ಲಿ ಪತ್ರಿಕೆಗಳ ಚಂದಾ ವ್ಯವಸ್ಥೆಯನ್ನೇ ಮುಚ್ಚಿತು. ಎರಡು ಹೊಡೆತ ತಿಂದೂ ಪತ್ರಿಕೆ ನಿಂತಿದೆ. ಅಂದ್ರೆ, ನಿಮಗೆ ಪುಕ್ಕಟೆ ಸಿಗೋ ಕಥೆಗೆ ಎಲ್ಲೋ ಯಾರೋ ದುಡ್ಡು ಕೊಟ್ಟಿರ್ತಾರೆ.

ನಾಲ್ಕನೆಯದು, ಕೈಪಿಡಿಗಳು. ಯಾವ ಸರಣಿಯಲ್ಲಿ ಯಾವ ಪುಸ್ತಕ ಮೊದಲು ಅನ್ನೋ ಗೊಂದಲಕ್ಕೆ ‘ಇಂಟರ್ನೆಟ್ ಸ್ಪೆಕ್ಯುಲೇಟಿವ್ ಫಿಕ್ಷನ್ ಡೇಟಾಬೇಸ್’. ಲೇಖಕರ ಬಗ್ಗೆ ಆಳವಾಗಿ ತಿಳಿಯೋಕೆ ‘ಎನ್‌ಸೈಕ್ಲೋಪೀಡಿಯಾ ಆಫ್ ಸೈನ್ಸ್ ಫಿಕ್ಷನ್’. ಒಂದು ಎಚ್ಚರಿಕೆ, ಕಥೆಯ ಗುಟ್ಟು ರಟ್ಟಾಗಬಹುದು!

ಕೊನೆಗೆ, ನಮ್ಮ ಕನ್ನಡ. ಇಂಟರ್ನೆಟ್ ಆರ್ಕೈವ್‌ನ ‘ಸರ್ವೆಂಟ್ಸ್ ಆಫ್ ನಾಲೆಡ್ಜ್’ ಸಂಗ್ರಹದಲ್ಲಿ ಸ್ಕ್ಯಾನ್ ಮಾಡಿದ ಹಳೇ ಕನ್ನಡ ಪುಸ್ತಕಗಳು ಬೇಕಾದಷ್ಟಿವೆ. ಆದ್ರೆ ರಾಜಶೇಖರ ಭೂಸನೂರಮಠರಂಥ ನಮ್ಮ ವೈಜ್ಞಾನಿಕ ಕಥೆಗಾರರ ಪುಸ್ತಕಗಳಿಗೆ ಕಾಪಿರೈಟ್ ಇನ್ನೂ ಬಹಳ ವರ್ಷ ಇರುತ್ತೆ. ಮರುಮುದ್ರಣ ಆಗದಿದ್ರೆ, ಆ ಹಕ್ಕು ಮುಗಿಯೋ ಹೊತ್ತಿಗೆ ಸ್ಕ್ಯಾನ್ ಮಾಡೋಕೆ ಒಂದು ಪ್ರತಿನಾದ್ರೂ ಉಳಿದಿರಬೇಕಲ್ವಾ? ಅದಕ್ಕೇ ಹೇಳೋದು, ಇಂಗ್ಲಿಷ್ ಕ್ಲಾಸಿಕ್‌ನಲ್ಲಿ ಉಳಿಸಿದ ದುಡ್ಡಲ್ಲಿ ಒಂದು ಕನ್ನಡ ಪುಸ್ತಕ ಕೊಳ್ಳಿ. ಅಂಗಡಿಯಲ್ಲಿ ಇಲ್ಲ ಅಂದ್ರೆ ಪ್ರಕಾಶಕರನ್ನು ಕೇಳಿ. ಕೇಳೋರಿದ್ದಾರೆ ಅಂತ ಗೊತ್ತಾದ್ರೆ ತಾನೇ ಅವರು ಮತ್ತೆ ಅಚ್ಚು ಹಾಕೋದು?

ಮುಂದಿನ ಸಂಚಿಕೆಯಲ್ಲಿ ಸಿಗೋಣ. ಅಷ್ಟರೊಳಗೆ ‘ಸುಲ್ತಾನಾಸ್ ಡ್ರೀಮ್’ ಓದಿರಿ. ನಮಸ್ಕಾರ.