ಒಂದು ರಾತ್ರಿಗಾಗಿ ಅಚ್ಚಾದ ಕಾಗದ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಕಪಾಟಿನಲ್ಲಿರುವ ಹಳೆಯ ನಾಟಕಗಳ ಭಿತ್ತಿಪತ್ರಗಳನ್ನು ಲ್ಯಾಮಿನೇಷನ್ ಮಾಡಿಸಿ, ಚೌಕಟ್ಟು ಹಾಕಿಸಿ, ಸಭಾಂಗಣದಲ್ಲಿ ಕಾಯಂ ಆಗಿ ತೂಗುಹಾಕಬೇಕೆಂಬ ಸಲಹೆ ಕಾರ್ಯಕಾರಿ ಸಮಿತಿಯ ಮುಂದಿದೆ. ಸಲಹೆಯ ಹಿಂದಿರುವ ಅಭಿಮಾನವನ್ನು ಗೌರವಿಸುತ್ತೇನೆ. ವಿಧಾನವನ್ನು ಮಾತ್ರ ವಿರೋಧಿಸುತ್ತೇನೆ.

ಕೇಂದ್ರ ಸರಕಾರದ ಕಚೇರಿಗಳಲ್ಲಿ ನಾವು ಕಡತಗಳನ್ನು ಎ, ಬಿ, ಸಿ ಎಂದು ವರ್ಗೀಕರಿಸುತ್ತೇವೆ. ಮೊದಲೆರಡು ವರ್ಗ ಶಾಶ್ವತ. ‘ಸಿ’ ವರ್ಗಕ್ಕೆ ಆಯುಸ್ಸು ಸೀಮಿತ. ಒಂದು ರಾತ್ರಿಯ ಪ್ರದರ್ಶನಕ್ಕಾಗಿ ಅಗ್ಗದ ಕಾಗದದಲ್ಲಿ ಅಚ್ಚಾದ ಭಿತ್ತಿಪತ್ರ ಹುಟ್ಟಿನಿಂದಲೇ ‘ಸಿ’ ವರ್ಗದ್ದು. ಆದರೆ ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿ, ಬಿಡುವಿನಲ್ಲಿ ಬಣ್ಣ ಹಚ್ಚಿದ ನಮ್ಮ ಹಿಂದಿನ ತಲೆಮಾರಿನವರ ಹೆಸರುಗಳಿಗೆ ಬೇರೆ ಸಾಕ್ಷ್ಯವೆಲ್ಲಿದೆ? 1973ಕ್ಕೆ ಮುಂಚಿನ ಹಾಳೆಗಳಲ್ಲಿ ನಾಡಿನ ಹೆಸರೇ ‘ಮೈಸೂರು ರಾಜ್ಯ’. ಹೊರನಾಡಿನ ಕನ್ನಡಿಗರ ಇಂಥ ದಾಖಲೆಯನ್ನು ತಮ್ಮದೆಂದು ಭಾವಿಸುವವರು ಅಲ್ಲಿಯೂ ವಿರಳ, ಇಲ್ಲಿಯೂ ವಿರಳ. ಇವನ್ನು ‘ಎ’ ವರ್ಗಕ್ಕೆ ಏರಿಸಬೇಕಾದವರು ನಾವೇ.

ಮರದ ತಿರುಳಿನಿಂದ ಮಾಡಿದ ಅಗ್ಗದ ಕಾಗದದಲ್ಲಿ ಲಿಗ್ನಿನ್ ಉಳಿದಿರುತ್ತದೆ. ಬೆಳಕು, ಗಾಳಿ, ತೇವ ತಗಲಿದಂತೆ ಕಾಗದದೊಳಗೆ ಆಮ್ಲ ಹೆಚ್ಚುತ್ತದೆ. ಹಾಳೆ ಹಳದಿಗಟ್ಟಿ, ಮಡಿಸಿದಲ್ಲಿ ಹಪ್ಪಳದಂತೆ ಮುರಿಯುತ್ತದೆ. ಲ್ಯಾಮಿನೇಷನ್ ಈ ಆಮ್ಲವನ್ನು ತೆಗೆಯುವುದಿಲ್ಲ, ಒಳಗೇ ಬಂಧಿಸುತ್ತದೆ. ಬಿಸಿಯಿಂದ ಅಂಟಿದ ಪ್ಲಾಸ್ಟಿಕ್ಕನ್ನು ಮುಂದೆ ಕಾಗದಕ್ಕೆ ಹಾನಿಯಾಗದಂತೆ ಬಿಡಿಸುವುದು ಅಸಾಧ್ಯವೆಂದೇ ಹೇಳಬೇಕು. ಸೆಲೋಟೇಪು, ಫೆವಿಕಾಲುಗಳೂ ವರ್ಜ್ಯ. ಬೇಕೆಂದಾಗ ಬಿಡಿಸಲು ಬರುವಂಥದ್ದನ್ನು ಮಾತ್ರ ಮಾಡಬೇಕೆಂಬುದು ಸಂರಕ್ಷಣೆಯ ಮೂಲಸೂತ್ರ.

ಹಾಳೆಯ ಹಿಂದೆ ಪ್ಲೈವುಡ್ಡಿನ ಬದಲು ಆಮ್ಲರಹಿತ ರಟ್ಟು ಇರಲಿ. ಮೇಲಂಚನ್ನು ಮಾತ್ರ ಜಪಾನೀ ತೆಳುಕಾಗದದ ಪಟ್ಟಿ ಮತ್ತು ಗೋಧಿಪಿಷ್ಟದ ಅಂಟಿನಿಂದ ಹಿಡಿಸಿದರೆ, ಹವೆಗೆ ತಕ್ಕಂತೆ ಹಿಗ್ಗಿ ಕುಗ್ಗಲು ಹಾಳೆಗೆ ಅವಕಾಶವಿರುತ್ತದೆ. ಗಾಜು ಕಾಗದವನ್ನು ಮುಟ್ಟಬಾರದು. ಮುಟ್ಟಿದರೆ ಮಳೆಗಾಲದ ತೇವಕ್ಕೆ ಅಚ್ಚಿನ ಮಸಿ ಗಾಜಿಗೆ ಅಂಟೀತು. ಜೂನಿನಿಂದ ಸೆಪ್ಟೆಂಬರಿನವರೆಗೆ ನೀರು ಜಿನುಗುವ ಹೊರಗೋಡೆಗೆ ಯಾವ ಚೌಕಟ್ಟನ್ನೂ ತೂಗುಹಾಕಬಾರದು. ಅಳತೆಗೆ ಹೊಂದಿಸಲು ಅಂಚು ಕತ್ತರಿಸುವ ಮಾತಂತೂ ಬೇಡ. ಮುದ್ರಕರ ಹೆಸರು, ಮುದ್ರಣಸ್ಥಳ ಕಾಣಿಸಬೇಕೆಂದು 1867ರ ಕಾನೂನು ವಿಧಿಸಿತ್ತು. ಅವು ಸಾಮಾನ್ಯವಾಗಿ ಇರುವುದು ಆ ಕೆಳಗಿನ ಅಂಚಿನಲ್ಲೇ.

ಇನ್ನು ಬೆಳಕು. ಸಂಗ್ರಹಾಲಯಗಳು ಇಂಥ ಕಾಗದಕ್ಕೆ ಸುಮಾರು 50 ಲಕ್ಸ್ ಬೆಳಕನ್ನಷ್ಟೇ ಒಪ್ಪುತ್ತವೆ. ನೇರಳಾತೀತ ಕಿರಣ ತಡೆಯುವ ಗಾಜು ಹಾನಿಯನ್ನು ತಗ್ಗಿಸುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಬೆಳಕಿನ ಹಾನಿ ಸಾಲದ ಬಡ್ಡಿಯಂತೆ ಕೂಡುತ್ತಲೇ ಹೋಗುತ್ತದೆ. ಮತ್ತೆ ಕತ್ತಲೆಯಲ್ಲಿಟ್ಟರೂ ಮಾಸಿದ ಬಣ್ಣ ಮರಳದು.

ಆದುದರಿಂದ ನನ್ನ ಸೂಚನೆ ಇಷ್ಟು: ಎಲ್ಲ ಹಾಳೆಗಳ ಸ್ಕ್ಯಾನ್ ಪ್ರತಿಗಳನ್ನು ತೆಗೆಸಿ, ಗೋಡೆಯ ಮೇಲೆ ಆ ಪ್ರತಿಗಳನ್ನೇ ಕಾಯಂ ಆಗಿ ಇಡೋಣ. ಮೂಲಪ್ರತಿಗಳನ್ನು ಆಮ್ಲರಹಿತ ಪೆಟ್ಟಿಗೆಯಲ್ಲಿ ಮಲಗಿಸಿಟ್ಟು, ರಾಜ್ಯೋತ್ಸವದ ವಾರದಲ್ಲಿ ಒಂದೆರಡನ್ನು ಮಾತ್ರ ಸರದಿಯಂತೆ ಹೊರತೆಗೆಯೋಣ. ಹರಿದವುಗಳಿಗೆ ನಾವು ಕೈಹಾಕುವುದು ಬೇಡ. ಇದೇ ನಗರದ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯದಲ್ಲಿ ಸಂರಕ್ಷಣಾ ಕೇಂದ್ರವಿದೆ. ಅಲ್ಲಿನ ತಜ್ಞರ ಸಲಹೆ ಕೇಳೋಣ.

ಖರ್ಚು ಲ್ಯಾಮಿನೇಷನ್ನಿಗಿಂತ ಹೆಚ್ಚಾಗುವುದು ನಿಜ. ಈ ವರ್ಷದ ಸನ್ಮಾನದ ಶಾಲು, ಹಾರ, ಫಲಕಗಳ ಹಣವನ್ನು ಇದಕ್ಕೆ ಮೀಸಲಿಟ್ಟರೆ, ಈ ಹಾಳೆಗಳಲ್ಲಿ ಹೆಸರಿರುವ ಹಿರಿಯರಿಗೇ ಸನ್ಮಾನ ಸಂದಂತಾಗುತ್ತದೆ. ಸಭೆ ಈ ಬಗ್ಗೆ ಇಂದೇ ನಿರ್ಣಯ ಕೈಗೊಳ್ಳಬೇಕೆಂದು ವಿನಂತಿಸಿ ನನ್ನ ಮಾತು ಮುಗಿಸುತ್ತೇನೆ.