ಕ್ಷಯದ ಕ್ರಿಮಿಯೂ ದೇಹದ ಕಾವಲೂ
(ಗ್ರಾಮ ಮುಖಂಡರ ಸಭೆಯಲ್ಲಿ ಓದಿದ ಭಾಷಣ)



ನೆಲಮಂಗಲ, ಮಾಗಡಿಗಳ ಕಡೆಯ ಒಕ್ಕಲುಮಕ್ಕಳಲ್ಲಿ ಅನೇಕರು ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವರು. ಅವರಲ್ಲೊಬ್ಬನು ಕೆಮ್ಮುತ್ತ ಊರಿಗೆ ಹಿಂದಿರುಗಿದರೆ, ಪಟ್ಟಣದ ಗಾಳಿಯೇ ರೋಗವನ್ನು ತಂದಿತೆಂದು ಹೇಳುವುದುಂಟು. ಆದರೆ ಕ್ಷಯದ ಕ್ರಿಮಿಯು ಬಾಲ್ಯದಿಂದಲೇ ಅವನ ಎದೆಯೊಳಗೆ ಅಡಗಿದ್ದಿರಲೂಬಹುದು.

1882ರಲ್ಲಿ ಜರ್ಮನಿಯ ರಾಬರ್ಟ್ ಕಾಕ್ ಎಂಬ ವೈದ್ಯನು ಕಂಡುಹಿಡಿದ ಈ ಕ್ರಿಮಿಯು, ರೋಗಿಯು ಕೆಮ್ಮಿದಾಗ ಗಾಳಿಗೆ ಸೇರಿ ಮತ್ತೊಬ್ಬರ ಶ್ವಾಸಕೋಶವನ್ನು ಹೊಗುತ್ತದೆ. ಅಲ್ಲಿ ಕಾವಲಿರುವ ಭಕ್ಷಕ ಕಣಗಳು ಅದನ್ನು ನುಂಗುತ್ತವೆ. ಬೇರೆ ಕ್ರಿಮಿಗಳಾದರೆ ಬಹುಮಟ್ಟಿಗೆ ಅಲ್ಲಿಯೇ ಜೀರ್ಣವಾಗಿಬಿಡುವವು. ಇದಕ್ಕಾದರೋ ಮೇಣದಂತಹ ಕವಚವುಂಟು. ಜೀರ್ಣರಸವು ತನ್ನ ಬಳಿಗೆ ಬಾರದಂತೆ ತಡೆದು, ನುಂಗಿದ ಕಣದೊಳಗೇ ಬೆಳೆಯತೊಡಗುತ್ತದೆ. ಕಳ್ಳನು ಕಾವಲುಗಾರನ ಮನೆಯಲ್ಲಿಯೇ ಬಿಡಾರ ಹೂಡಿದಂತಾಯಿತು! ಕೆಲವು ವಾರಗಳಲ್ಲಿ ರಕ್ತದ ಬಿಳಿಯ ಕಣಗಳಲ್ಲಿ ಇನ್ನೊಂದು ಬಗೆಯವು ಬಂದು ಭಕ್ಷಕ ಕಣಗಳನ್ನು ಹುರಿದುಂಬಿಸುತ್ತವೆ. ಇವೆಲ್ಲ ಒಟ್ಟುಗೂಡಿ ಕ್ರಿಮಿಯ ಸುತ್ತಲೂ ಸಣ್ಣ ಗಂಟಿನಂತಹ ಕೋಟೆಯನ್ನು ಕಟ್ಟುತ್ತವೆ. ಅದರೊಳಗೆ ಕ್ರಿಮಿಯು ಸಾಯದೆ, ಬೇಸಗೆಯ ಹೊಲದಲ್ಲಿ ಹೂತಿರುವ ಜೇಕಿನ ಗೆಡ್ಡೆಯಂತೆ ವರ್ಷಗಟ್ಟಲೆ ಸುಮ್ಮನಿರಬಲ್ಲದು. ಇಂಥವರಿಗೆ ಕೆಮ್ಮಿಲ್ಲ; ಅವರಿಂದ ಇತರರಿಗೆ ಸೋಂಕೂ ಇಲ್ಲ. ಹತ್ತರಲ್ಲಿ ಸುಮಾರು ಒಂಬತ್ತು ಮಂದಿಗೆ ಜೀವಮಾನದಲ್ಲೆಲ್ಲ ರೋಗವು ತೋರುವುದೇ ಇಲ್ಲ.

ದೇಹವು ಸೊರಗಿದಾಗ ಕೋಟೆಯು ಕುಸಿಯುತ್ತದೆ. ಅರೆಹೊಟ್ಟೆಯ ಊಟ, ಸಿಹಿಮೂತ್ರ ರೋಗ, ಎಚ್‌ಐವಿ ಸೋಂಕು, ಮದ್ಯ, ತಂಬಾಕು ಇವೆಲ್ಲ ಕಾರಣಗಳೇ. ಎರಕದ ಕೆಲಸದ ಮರಳಿನ ಧೂಳೂ ಕಲ್ಲು ಕುಟ್ಟುವ ಧೂಳೂ ಭಕ್ಷಕ ಕಣಗಳನ್ನೇ ಕೊಲ್ಲುತ್ತವೆ. ಕಾರ್ಖಾನೆಯ ದೋಷವೆಂಬುದು ಇಷ್ಟರಮಟ್ಟಿಗೆ ನಿಜ. ಆಗ ಗಂಟಿನ ನಡುಭಾಗವು ಕರಗಿ, ಶ್ವಾಸಕೋಶದಲ್ಲಿ ಕುಳಿಬಿದ್ದು, ಕ್ರಿಮಿಗಳು ಕಫದೊಡನೆ ಹೊರಬೀಳುತ್ತವೆ.

ಔಷಧದ ನೆರವಿಲ್ಲದೆ ದೇಹವು ಒಂದೇ ಹೋರಾಡಿದರೆ ಏನಾಗುವುದೆಂಬುದು ಈ ಸೀಮೆಯಲ್ಲಿಯೇ ಕಂಡುಬಂದಿದೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ 119 ಗ್ರಾಮಗಳ ಜನರನ್ನು ಮರಳಿ ಮರಳಿ ಪರೀಕ್ಷಿಸಿದರು. ಕಫದಲ್ಲಿ ಕ್ರಿಮಿಯಿದ್ದವರ ಪೈಕಿ ಐದು ವರ್ಷಗಳೊಳಗೆ ಸುಮಾರು ಅರ್ಧದಷ್ಟು ಮಂದಿ ಮೃತರಾದರು. ಸುಮಾರು ಮೂರರಲ್ಲೊಂದು ಪಾಲು ತಾವಾಗಿಯೇ ಗುಣಹೊಂದಿದರು. ಮಿಕ್ಕವರು ಕ್ರಿಮಿಯನ್ನು ಹೊರಚೆಲ್ಲುತ್ತಲೇ ಉಳಿದರು.

ಈಗಲಾದರೋ ಔಷಧವುಂಟು; ಸರಕಾರಿ ಆಸ್ಪತ್ರೆಗಳಲ್ಲಿ ಧರ್ಮಾರ್ಥವಾಗಿ ದೊರೆಯುತ್ತದೆ. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ಮೈ ಇಳಿಯುವುದು, ಇವು ಕಂಡಲ್ಲಿ ಗ್ರಾಮ ಮುಖಂಡರು ರೋಗಿಯನ್ನು ಕಫಪರೀಕ್ಷೆಗೆ ಕಳುಹಿಸತಕ್ಕದ್ದು. ಸಾಧಾರಣವಾಗಿ ಆರು ತಿಂಗಳು ಔಷಧ ಸೇವಿಸಬೇಕು. ಎರಡನೆಯ ತಿಂಗಳಿಗೇ ಮೈ ತುಂಬಿ, ಕೆಮ್ಮಡಗಿ, ಔಷಧವು ಸಾಕೆಂದು ತೋರುವುದುಂಟು; ಅಪಾಯದ ಕಾಲವು ಅದೇ. ಆಗ ಬಿಟ್ಟರೆ ಉಳಿದ ಕ್ರಿಮಿಗಳು ಔಷಧಕ್ಕೆ ಬಗ್ಗದಂತಾಗಬಹುದು. ರೋಗಿಯ ಪೌಷ್ಟಿಕ ಆಹಾರಕ್ಕೆಂದು 2024ರ ನವೆಂಬರಿನಿಂದ ತಿಂಗಳಿಗೆ 1000 ರೂಪಾಯಿ ಗೊತ್ತಾಗಿದೆ. ಆ ಹಣವು ಅವನ ತಟ್ಟೆಗೇ ಸೇರುವಂತೆಯೂ, ಮನೆಯ ಮಕ್ಕಳನ್ನೂ ಪರೀಕ್ಷೆ ಮಾಡಿಸುವಂತೆಯೂ ಮುಖಂಡರು ನೋಡಿಕೊಳ್ಳತಕ್ಕದ್ದು.